ಮುಚ್ಚಳ ತೆಗೆಯುವ ಮುನ್ನ

ಗಂಗಾವತಿಯಿಂದ ಕಾರಟಗಿಗೆ ಹೋಗುವ ರಸ್ತೆ,
ಅಕ್ಕಿ ಗಿರಣಿಯ ಬೆನ್ನಿಗೆ ಅಂಟಿದ ಕೋಣೆ.
ಕೀಲಿಮಣೆಯ ಸಂದಿಯಲ್ಲಿ ತೌಡು,
ತೌಡಿನಲ್ಲಿ ನನ್ನ ಬೆರಳ ಗುರುತು.
ಅಲ್ಲಿ ಕೂತು ಬರೆಯುತ್ತೇನೆ
ಅಕ್ಕಿ ಆರಿಸುವ ಯಂತ್ರದ ತಂತ್ರಾಂಶಕ್ಕೆ ಕೈಪಿಡಿ.

ಮುನ್ನೂರ ಹನ್ನೆರಡು ಕಡತ, ಎಲ್ಲವೂ ಎಕ್ಸ್‌ಎಂಎಲ್.
ಅಧ್ಯಾಯದೊಳಗೆ ಕೆಲಸ, ಕೆಲಸದೊಳಗೆ ಹೆಜ್ಜೆ,
ಹೆಜ್ಜೆಯೊಳಗೊಂದು ಎಚ್ಚರಿಕೆ.
ತೆರೆದದ್ದನ್ನೆಲ್ಲ ಮುಚ್ಚಲೇಬೇಕು,
ಕೊನೆಗೆ ತೆರೆದದ್ದನ್ನು ಮೊದಲು,
ಬುತ್ತಿಯ ಡಬ್ಬಿಗಳ ಹಾಗೆ.

‘ಯಾವ ಸಾಮಾನು ಬೇಕು, ಒಂದು ಪಟ್ಟಿ ಮಾಡಿಕೊಡ್ರಿ ಮೇಡಂ,
ದೀಪಾವಳಿ ಒಳಗ ಲೆಕ್ಕ ಮುಗಿಸೋಣು’
ಅಂದರು ಮಾಲೀಕರು, ಗಂಟಲಲ್ಲಿ ಅಡಿಕೆ ಇಟ್ಟುಕೊಂಡೇ.

ಮೊದಲನೆಯದು ಶ್ರೀಮಂತ.
ಟ್ಯಾಗುಗಳನ್ನೆಲ್ಲ ಬಚ್ಚಿಟ್ಟು ಅಚ್ಚಾದ ಪುಟ ತೋರಿಸುತ್ತದೆ,
ಮದುವೆ ಮನೆಯ ಪರದೆ:
ಹಿಂದೆ ಎಷ್ಟು ಪಾತ್ರೆ ಬಿದ್ದಿವೆ ಕಾಣದು.
ಆದರೆ ಕನ್ನಡದ ಒತ್ತು ಅದಕ್ಕೆ ಒಗ್ಗಲಿಲ್ಲ.
ಒಂದು ಸಲ ಅಳಿಸು ಗುಂಡಿ ಒತ್ತಿದ್ದಕ್ಕೆ
‘ಎಚ್ಚರ’ ಹೋಗಿ ‘ಎಚರ’ ಉಳಿಯಿತು.
ಮೂವತ್ತು ದಿನ ಪುಕ್ಕಟೆ.
ಮೂವತ್ತೊಂದನೆಯ ದಿನ ನನ್ನ ಮೂರು ತಿಂಗಳ ಪಗಾರ ಕೇಳಿತು.

ಎರಡನೆಯದು ಬರೀ ಅಕ್ಷರ.
ಕರೆಂಟು ಹೋಗಿ ಬಂದರೂ ಬರೆದದ್ದು ಇದ್ದಲ್ಲೇ ಇರುತ್ತದೆ.
ಬೆಡಗಿಲ್ಲ. ಕೋನಾವರಣ ಎಲ್ಲವೂ ಕಣ್ಣೆದುರೇ,
ಮುಳ್ಳುಬೇಲಿಯ ಹೊಲ.

ಮೂರನೆಯದಕ್ಕೆ ಮುಖವೇ ಇಲ್ಲ.
ಕಪ್ಪು ಕಿಟಕಿಯಲ್ಲಿ ಒಂದು ಆಜ್ಞೆ,
ಉತ್ತರವೂ ಅಷ್ಟೇ ಗಿಡ್ಡ:
ಸಾಲು ೧೪೭. ಇಲ್ಲಿ ಪಟ್ಟಿ ಬರುವಂತಿಲ್ಲ.
ನಮ್ಮ ಸೋದರತ್ತೆ ಹೀಗೆಯೇ ಮಾತಾಡುತ್ತಿದ್ದಳು.
ಅತ್ತಿದ್ದೇನೆ ಆಗ. ಆದರೆ ಎಲ್ಲಿ ತಪ್ಪಿದೆ ಎಂದು
ಅವಳಷ್ಟು ಸರಿಯಾಗಿ ಬೇರೆ ಯಾರೂ ಹೇಳಲಿಲ್ಲ.

ಗೋಡೆಯಾಚೆ ಯಂತ್ರಕ್ಕೂ ಅದೇ ಕೆಲಸ.
ಜಾರುವ ಸೋನಾ ಮಸೂರಿಯ ಮೇಲೆ ಕಣ್ಣು;
ಕರಿಕಾಳು ಕಂಡಿತೋ, ಫಟ್,
ಗಾಳಿಯ ಒಂದೇ ಏಟು.

ಅಮಾವಾಸ್ಯೆಯ ಹಿಂದಿನ ದಿನ ಎಲ್ಲ ಕಡತ ಓಡಿಸಿದೆ.
ಮುನ್ನೂರ ಹನ್ನೆರಡು. ದೋಷ ಸೊನ್ನೆ.
ಚಹಾ ತರಿಸಿದೆ. ಚಹಾದ ಜೊತೆ ಬಂದ
ಯಂತ್ರ ನಡೆಸುವ ಯಮನೂರಪ್ಪ.
ಎಡಗೈಯ ಅರ್ಧ ತೋರುಬೆರಳನ್ನು
ಪರದೆಯ ಸಾಲಿನ ಕೆಳಗಿಟ್ಟು ನಿಧಾನ ಓದಿದ:

‘ಹೆಜ್ಜೆ ನಾಕು. ಮುಚ್ಚಳ ತೆಗೆಯಿರಿ.
ಹೆಜ್ಜೆ ಐದು. ಸ್ವಿಚ್ ಆರಿಸಿ.’
ಬೆರಳು ಅಲ್ಲೇ ನಿಂತಿತು.
‘ಇದನ್ನ ಪಾಸ್ ಮಾಡೈತೇನ್ರೀ ನಿಮ್ಮ ಕಂಪ್ಯೂಟರು?’

ಮಾಡಿತ್ತು.
ಹೆಜ್ಜೆ ಇರಬೇಕಾದಲ್ಲಿ ಹೆಜ್ಜೆ ಇತ್ತು,
ಪ್ರತಿ ಟ್ಯಾಗೂ ಮುಚ್ಚಿತ್ತು.
ತೆರೆದಿದ್ದದ್ದು ಯಂತ್ರ.

ಬಸಿಯಲ್ಲಿ ಚಹಾ ಕೆನೆಗಟ್ಟಿತು.
ಆ ರಾತ್ರಿ ನಿಯಮವನ್ನು ನಾವೇ ಬರೆಯಲು ಬಿಡುವ
ಇನ್ನೊಂದು ಸಲಕರಣೆ ಹುಡುಕಿ, ಬರೆದೆ:
ಮುಚ್ಚಳ ತೆಗೆಯುವ ಹೆಜ್ಜೆ ಎಲ್ಲೇ ಬರಲಿ
ಅದಕ್ಕೆ ಮೊದಲು ಸ್ವಿಚ್ ಆರಿರಬೇಕು.
ಬಳಿಕ ಓಡಿಸಿದೆ.
ಇನ್ನೂ ಹನ್ನೊಂದು ಕಡೆ ಕೆಂಪು.

ತಪ್ಪಿದಾಗ ಏನು ಹೇಳಬೇಕು ಎಂದು
ಖಾಲಿ ಜಾಗ ಕೇಳುತ್ತದೆ ಈ ಸಲಕರಣೆ.
‘ಅಮಾನ್ಯ’ ಎಂದು ಬರೆದು ಅಳಿಸಿದೆ.
‘ಕೈ ಬ್ಯಾಡೇನ್ರೀ?’ ಎಂದು ಬರೆದೆ.

ಬೆಳಗ್ಗೆ ಪಟ್ಟಿ ಕೊಟ್ಟೆ:
ಬರೀ ಅಕ್ಷರದ್ದು ಒಂದು, ಪುಕ್ಕಟೆ.
ಕಪ್ಪು ಕಿಟಕಿ, ನಿಯಮದ್ದು, ಅವೂ ಪುಕ್ಕಟೆ.
ಯಮನೂರಪ್ಪ, ದಿನಕ್ಕೆ ಒಂದು ತಾಸು,
ಓವರ್‌ಟೈಮ್ ದರದಲ್ಲಿ.

ಮಾಲೀಕರು ಕನ್ನಡಕ ಏರಿಸಿ ನೋಡಿದರು.
ಪುಕ್ಕಟೆ ಇದ್ದವಕ್ಕೆಲ್ಲ ಸಹಿ ಬಿತ್ತು.
ಕೊನೆಯ ಸಾಲಿನ ಮೇಲೆ ಪೆನ್ನು ಇನ್ನೂ
ಗಾಳಿಯಲ್ಲಿದೆ.